ಏಳು ಮನೆಯ ತಿಂಡಿ, ಒಂದು ಪಲ್ಪರ್

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಕತೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಪಲ್ಪರ್‌ಗೆ ಮೂವತ್ತೊಂದು ಸಾವಿರ. ಅದನ್ನು ಹೊರಲು ಮೂವರು ಓಡಿಸಿ ಬಿಟ್ಟ ಪಿಕಪ್ ಗಾಡಿಗೆ ಒಂದು ಲಕ್ಷದ ನಲವತ್ತು ಸಾವಿರ. ಡೀಸೆಲ್ ಎಂಜಿನ್, ಬೆಲ್ಟ್, ವೆಲ್ಡಿಂಗ್ ಸೇರಿ ಇಪ್ಪತ್ತಾರು ಸಾವಿರ. ಕಂಪನಿ ರಿಜಿಸ್ಟರ್ ಮಾಡಿಸಿಕೊಟ್ಟ ಚಿಕ್ಕಮಗಳೂರಿನ ಆಡಿಟರು ಹನ್ನೆರಡು ಸಾವಿರ ಕೇಳಿದರು. ಒಂಬತ್ತಕ್ಕೆ ಇಳಿಸಿ, ಮೇಲಿಂದ ಎರಡು ಕಾಫಿಯನ್ನೂ ಅವರಿಂದಲೇ ಕುಡಿದು ಬಂದೆ. ಇದಕ್ಕೆಲ್ಲ ಹೋದದ್ದು ನನ್ನ ಎರಡು ಬಳೆ, ನನ್ನ ನಾದಿನಿಯ ಒಂದು ಸರ, ಮತ್ತು ಬಾಳೂರಿನ ಹತ್ತಿರದ ಎಸ್ಟೇಟಿನಲ್ಲಿ ನನಗಿದ್ದ ರೈಟರ್ ಕೆಲಸ. ಇಷ್ಟನ್ನು ಎಣಿಸಿಕೊಂಡೇ ಇಳಿದೆ. ಎಣಿಕೆಗೆ ಸಿಗದೆ ಹೋದದ್ದು ತಿಂಡಿ. ಮೊದಲ ವರ್ಷವೇ ನಮ್ಮ ಕಂಪನಿಯನ್ನು ಮುಳುಗಿಸಲು ಹೊರಟದ್ದು ಅಕ್ಕಿ ರೊಟ್ಟಿ ಎಂದರೆ ಬ್ಯಾಂಕಿನವರು ಇಂದಿಗೂ ನಗುತ್ತಾರೆ.

ಇಷ್ಟು ಸುರಿದದ್ದು ಏಕೆಂದರೆ, ರೈಟರ್ ಆಗಿ ದಿನಾ ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ ಬರೆಯುತ್ತ ನಾನು ಒಂದು ವಿಷಯ ನೋಡಿದ್ದೆ. ಕಾಫಿ ಹಣ್ಣನ್ನು ಹಾಗೇ ಒಣಗಿಸಿದರೆ ಅದು ಚೆರ್ರಿ. ಸಿಪ್ಪೆ ಸುಲಿದು, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಎರಡನೆಯದಕ್ಕೆ ಬೆಲೆ ಹೆಚ್ಚು. ಆದರೆ ಸುಲಿಯಲು ಪಲ್ಪರ್ ಬೇಕು. ಎರಡು ಮೂರು ಎಕರೆಯವರು ಪಲ್ಪರ್ ಇಡುವುದು ಹೇಗೆ? ಅವರು ಅಂಗಳದಲ್ಲಿ ಹರವಿ ಚೆರ್ರಿ ಮಾಡಿ ಕೊಟ್ಟುಬಿಡುತ್ತಿದ್ದರು. ಗಿಡ ಅದೇ, ಬಿಸಿಲು ಅದೇ, ದುಡ್ಡು ಮಾತ್ರ ಬೇರೆಯವರಿಗೆ. ಹಾಗಾದರೆ ಪಲ್ಪರನ್ನೇ ಗಾಡಿಗೆ ಏರಿಸಿ ಅವರ ಮನೆ ಬಾಗಿಲಿಗೆ ಒಯ್ದು, ಮೂಟೆಗೆ ಇಷ್ಟು ಎಂದು ಕೂಲಿ ತೆಗೆದುಕೊಂಡರೆ?

ಎಸ್ಟೇಟಿನ ಶೆಡ್ಡಿನಲ್ಲಿ ಹಳೆಯ ಪಲ್ಪರೊಂದು ಕೋಳಿ ಮೊಟ್ಟೆ ಇಡುವ ಜಾಗವಾಗಿ ಬಿದ್ದಿತ್ತು. ಸಾಹುಕಾರರು ಅರವತ್ತು ಸಾವಿರ ಅಂದರು.

"ಸಾವ್ಕಾರ್ರೆ, ಮೂರು ವರ್ಷದ ಹಿಂದೆ ಅದನ್ನ ಗುಜರಿ ಅಂತ ಸ್ಟಾಕ್ ಬುಕ್ಕಲ್ಲಿ ನನ್ ಕೈಲೇ ಬರ್ಸಿದ್ರಿ."

"ಬರಿಯೋಕೆ ಎಂತ, ಎಂತ ಬೇಕಾದ್ರೂ ಬರೀಬಹುದು."

"ಹಂಗಾದ್ರೆ ಗುಜರಿ ರೇಟಿಗೇ ಕೊಡಿ. ಬರೆದಿದ್ದು ಸುಳ್ಳಾಗೂದು ಬೇಡ."

ಮೂವತ್ತೊಂದಕ್ಕೆ ಬಂದು ನಿಂತರು. ದುಡ್ಡು ಎಣಿಸಿಕೊಳ್ಳುವಾಗ ಒಂದು ಮಾತು ಸೇರಿಸಿದರು. "ರೈಟ್ರಮ್ಮ, ನಮ್ ಹೊಸ ಮಿಷನ್ ಯಾವತ್ತಾದ್ರೂ ಕೈಕೊಟ್ರೆ ನಿನ್ ಗಾಡಿ ಮೊದ್ಲು ನಮ್ ಕಣಕ್ಕೆ ಬರ್ಬೇಕು. ಬಾಕಿಯೋರದ್ದೆಲ್ಲ ಆಮೇಲೆ. ಒಪ್ಪಿಗೆಯಾ?" ಹೊಸ ಮಿಷನ್ ಬಂದು ಒಂದೇ ವರ್ಷವಾಗಿತ್ತು, ಅದರ ಮೇಲಿನ ಬಣ್ಣ ಕೂಡ ಹೋಗಿರಲಿಲ್ಲ. ಖರ್ಚಿಲ್ಲದ ಮಾತು ಎಂದುಕೊಂಡು ಹೂಂ ಎಂದೆ.

ಕಂಪನಿಗೆ ನಿರ್ದೇಶಕರು ಇಬ್ಬರು: ನಾನು ಮತ್ತು ನನ್ನ ನಾದಿನಿ. ನಾನು ಯಜಮಾನಿಕೆ, ವ್ಯಾಪಾರ, ಬೈಗುಳ. ಅವಳು ಗಾಡಿ ಓಡಿಸುವುದು. ಎಸ್ಟೇಟ್ ಜೀಪುಗಳನ್ನು ನೋಡಿ ನೋಡಿಯೇ ಕಲಿತವಳು. ಬಾಳೂರಿನಿಂದ ಕಳಸದ ಕಡೆ ಹೋಗುವ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಕಿತ್ತಳೆ ತೊಳೆ ಹಿಡಿಯುವ ಪೈಕಿ. ಆ ರಸ್ತೆಯ ಆಚೀಚೆ ಏಳು ಮನೆಯವರನ್ನು ಒಪ್ಪಿಸಿದೆ. ಒಪ್ಪಿಸುವುದೇನು ಸುಲಭವಿರಲಿಲ್ಲ. ಚೆರ್ರಿಗಾದರೆ ಕೊಂಬೆಗೆ ಕೈ ಹಾಕಿ ಕಾಯಿ ಹಣ್ಣು ಎಲ್ಲ ಒಟ್ಟಿಗೆ ಎಳೆಯಬಹುದು. ಪಾರ್ಚ್‌ಮೆಂಟಿಗೆ ಕೆಂಪು ಹಣ್ಣು ಮಾತ್ರ ಆರಿಸಿ ಕೊಯ್ಯಬೇಕು. ಹೆಚ್ಚು ದಿನ, ಹೆಚ್ಚು ಕೂಲಿ. ಮೂರನೇ ಮನೆಯ ಅಜ್ಜಿ ನಾನು ಹಸಿರು ಕಾಯಿ ಹೆಕ್ಕಿ ಬಿಸಾಡುವುದನ್ನು ನೋಡಿ, "ಅದೂ ನನ್ ಗಿಡದ್ದೇ ಅಲ್ದಾ? ಎಂತಕ್ಕೆ ಭೇದ ಮಾಡ್ತಿ?" ಎಂದು ಒಂದು ವಾರ ಮುನಿಸಿಕೊಂಡಿದ್ದರು.

ನಮ್ಮ ಕ್ರಮ ಹೀಗಿತ್ತು. ಹಿಂದಿನ ದಿನ ಕೊಯ್ದ ಹಣ್ಣು ಮರುದಿನ ಮಧ್ಯಾಹ್ನದೊಳಗೆ ಪಲ್ಪರ್‌ಗೆ ಬೀಳಬೇಕು. ತಡವಾದರೆ ಮೂಟೆಯೊಳಗೇ ಕಾವು ಹಿಡಿದು ಹುಳಿಯಾಗುತ್ತದೆ. ಮನೆಗೆ ಹೆಚ್ಚುಕಡಿಮೆ ಆರು ಮೂಟೆ; ನಮ್ಮ ಮಿಷನ್ ಗಂಟೆಗೆ ಹದಿನೈದು ಮೂಟೆ ಸುಲಿಯುತ್ತದೆ. ಹಣ್ಣನ್ನು ನೀರಿಗೆ ಹಾಕಿ ತೇಲಿದ ಜೊಳ್ಳು ತೆಗೆಯುವುದು, ಸುಲಿಯುವುದು, ಮುಂದಿನ ಮನೆಗೆ ಹೋಗುವುದು, ಎಲ್ಲ ಸೇರಿ ಮನೆಗೆ ನಲವತ್ತು ನಿಮಿಷ. ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೆರಡಕ್ಕೆ ಮುಗಿಯಿತು. ಕಾಗದದ ಮೇಲೆ ಇದು ಎಷ್ಟು ಚಂದ ಕಂಡಿತೆಂದರೆ ಬ್ಯಾಂಕ್ ಮ್ಯಾನೇಜರಿಗೂ ತೋರಿಸಿದ್ದೆ.

ಮೊದಲ ದಿನ ಮೊದಲ ಮನೆಯ ಆರು ಮೂಟೆ ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ಎಂಜಿನ್ ನಿಲ್ಲಿಸಿದೆ. ಮನೆಯಾಕೆ ಕೈ ತೊಳೆಯಲು ನೀರು ತಂದಿಟ್ಟರು.

"ಬನ್ನಿ ಅಕ್ಕ, ರೊಟ್ಟಿ ಆಗಿದೆ."

"ಇನ್ನೂ ಆರು ಮನೆ ಇದೆ..."

"ಅಯ್ಯ, ಮನೆ ಬಾಗ್ಲಿಗೆ ಬಂದು ಬರೀ ಹೊಟ್ಟೇಲಿ ಹೋಗೂದುಂಟಾ? ಎರಡೇ ರೊಟ್ಟಿ."

ಎರಡು ರೊಟ್ಟಿ ಅಂದರೆ ನಾಲ್ಕು. ಎರಡನೇ ಮನೆಯಲ್ಲಿ ಕಡುಬು, ಕೋಳಿ ಸಾರು. ಮೂರನೇ ಮನೆಯ ಅಜ್ಜಿ ಮುನಿಸು ಮರೆತು ಶಾವಿಗೆ ಒತ್ತಿಸಿದ್ದರು. ಅದನ್ನು ತಿನ್ನದಿದ್ದರೆ ಮತ್ತೆ ಮುನಿಸು. ನಾಲ್ಕನೇ ಮನೆಯಲ್ಲಿ ನಾನು ಬರೀ ಕಾಫಿ ಸಾಕು ಅಂದೆ. "ಮೂರನೇ ಮನೇಲಿ ಶಾವಿಗೆ ತಿಂದ್ರಂತಲ್ಲ," ಅಂದರು. ಗಾಡಿಗಿಂತ ಮೊದಲು ಸುದ್ದಿ ತಲುಪಿತ್ತು. ನಾದಿನಿ ಎಲ್ಲ ಮನೆಯಲ್ಲೂ ಶ್ರದ್ಧೆಯಿಂದ ಉಂಡು, ಐದನೇ ಮನೆಯ ಜಗಲಿಯಲ್ಲಿ ಗೋಡೆಗೊರಗಿ, "ಅತ್ತಿಗೆ, ಕ್ಲಚ್ ತುಳಿಯೋಕೆ ಕಾಲು ಮಡಚೋಕಾಗ್ತಿಲ್ಲ," ಅಂದಳು. ಏಳನೇ ಮನೆ ಮುಟ್ಟಿದಾಗ ನಾಲ್ಕು ಗಂಟೆ.

ಈ ನಡುವೆ ಎರಡನೇ ಮನೆಯಲ್ಲಿ ಬೀಜ ನಜ್ಜಾಗಿ ಹೊರಬಿತ್ತು. ಪಲ್ಪರ್‌ನಲ್ಲಿ ತಗಡು ಸುತ್ತಿದ ಉರುಳೆ ತಿರುಗುತ್ತದೆ, ಎದುರಿಗೆ ಒಂದು ತಟ್ಟೆ. ನಡುವಿನ ಸಂದಿಯಲ್ಲಿ ಹಣ್ಣು ಸಿಕ್ಕಿ ಸಿಪ್ಪೆ ಬಿಡುತ್ತದೆ. ಸಂದು ಕಡಿಮೆಯಾದರೆ ಬೀಜಕ್ಕೆ ಗಾಯ, ಹೆಚ್ಚಾದರೆ ಹಣ್ಣು ಹಾಗೇ ಜಾರಿ ಹೋಗುತ್ತದೆ. ಒಂದೊಂದು ಮನೆಯ ಹಣ್ಣು ಒಂದೊಂದು ಗಾತ್ರ. ಅಳೆಯುವ ಸಾಧನ ಬೇಕು ಎಂದು ಮೂಡಿಗೆರೆಯ ಮೆಕ್ಯಾನಿಕ್ಕನ್ನು ಕೇಳಿದರೆ ಏಳುನೂರು ರೂಪಾಯಿಯದ್ದೊಂದು ತೋರಿಸಿದ. ನಾನು ಮನೆಯಲ್ಲಿದ್ದ ಹಳೆಯ ಮದುವೆ ಕಾಗದಗಳನ್ನು ತಂದೆ. ದಪ್ಪನೆಯದನ್ನು ಒಂದು ಮಡಿಕೆ ಮಾಡಿ ಸಂದಿಗೆ ತೂರಿಸಿದರೆ ರೋಬಸ್ಟಾಗೆ ಸರಿ, ಎರಡು ಮಡಿಕೆ ಅರೇಬಿಕಾಗೆ. ಈಗಲೂ ನಮ್ಮ ಟೂಲ್ ಬಾಕ್ಸಿನಲ್ಲಿ ಅದೇ ಇದೆ. ಅದರಲ್ಲಿ ಹೆಸರಿರುವ ದಂಪತಿಗೆ ಎರಡು ಮಕ್ಕಳಾಗಿವೆ, ಕಾಗದ ಇನ್ನೂ ಗಟ್ಟಿ.

ಸಂದಿನ ಕಾಟಕ್ಕೆ ಮದ್ದು ಸಿಕ್ಕಿತು, ತಿಂಡಿಗೆ ಸಿಗಲಿಲ್ಲ. ಏಳನೇ ಮನೆಯ ಅಣ್ಣ ಮಾತು ಕಡಿಮೆಯ ಮನುಷ್ಯ. ನಾಲ್ಕು ದಿನ ನಮ್ಮನ್ನು ಸಂಜೆಯ ತನಕ ಕಾದು, ಸುಲಿದದ್ದನ್ನು ರಾತ್ರಿ ಡ್ರಮ್ಮಿನಲ್ಲಿಟ್ಟು, ಕೈಗೆ ಮರಳಿನಂತೆ ಗರಗರ ಆದಮೇಲೆ ತೊಳೆದು, ಒಣಗಿಸಿ, ಎಲ್ಲ ನಾನು ಹೇಳಿದಂತೆಯೇ ಮಾಡಿ ಮೂಡಿಗೆರೆಗೆ ಒಯ್ದರು. ಅಲ್ಲಿನ ವ್ಯಾಪಾರಿ ಒಂದು ಹಿಡಿ ತೆಗೆದು ಮೂಸಿ, ಹಾಗೇ ಮೂಟೆಗೆ ಹಾಕಿದ. "ಹುಳಿ ಹೊಡೀತದೆ. ಬೇಡ." ಅಣ್ಣ ಮೂಟೆಗಳನ್ನು ಸೀದಾ ನನ್ನ ಮನೆಗೇ ತಂದಿಳಿಸಿದರು. ಬೈಯಲಿಲ್ಲ; ಬೈದಿದ್ದರೆ ಚೌಕಾಸಿಗೆ ಜಾಗ ಇರುತ್ತಿತ್ತು.

"ನಮ್ಮಪ್ಪ ಚೆರ್ರಿನೇ ಮಾಡ್ತಿದ್ರು," ಅಂದರು. "ನಾನೂ ಅದ್ನೇ ಮಾಡ್ತೀನಿ ಬಿಡಿ."

ಆ ಲಾಟನ್ನು ಒಳ್ಳೆಯ ಪಾರ್ಚ್‌ಮೆಂಟಿನ ಬೆಲೆಗೇ ನಾನು ಕೊಂಡೆ. ಇನ್ನೊಂದು ಸಲ ನೋಡಿ ಎಂದು ಬೇಡಿಕೊಂಡೆ. ಯೋಚಿಸಿ ಹೇಳುತ್ತೇನೆ, ಅಲ್ಲಿಯ ತನಕ ಗಾಡಿ ಬರಲಿ ಎಂದು ಹೋದರು. ಒಂದು ಮನೆ ಬಿಟ್ಟರೆ ಇನ್ನಾರು ಮನೆ ವಾರದೊಳಗೆ ಬಿಡುತ್ತವೆ ಎನ್ನುವುದು ನನಗೆ ಗೊತ್ತಿತ್ತು. ಏಳು ಮನೆಗಿಂತ ಕಡಿಮೆಯಾದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಎಸ್ಟೇಟಿನಲ್ಲಿ ನನ್ನ ಕುರ್ಚಿಗೆ ಬೇರೆ ರೈಟರ್ ಬಂದಾಗಿತ್ತು. ಕಂಪನಿಯ ಆಯಸ್ಸು ಇನ್ನು ಆ ಅಣ್ಣನ ಆರು ಮೂಟೆಯ ಮೇಲೆ ನಿಂತಿತ್ತು.

ನಾನು ಮಾಡಿದ ಉಪಾಯಗಳನ್ನು ಹೇಳುತ್ತೇನೆ, ನೀವು ಮಾಡಬೇಡಿ. ಒಂದು ದಿನ ಏಳನೇ ಮನೆಯಿಂದ ಶುರು ಮಾಡಿ ಹಿಂದಕ್ಕೆ ಬಂದೆ. ಮೊದಲನೇ ಮನೆಯಾಕೆ ತಣ್ಣಗಾದ ರೊಟ್ಟಿಯ ಮುಂದೆ ಕೂತಿದ್ದರು. ಅವರ ಮುಖ ನೋಡಿ ನಾನೇ ಕ್ಷಮೆ ಕೇಳಿದೆ. ಇನ್ನೊಂದು ದಿನ, ಡಾಕ್ಟರು ತಿನ್ನಬೇಡ ಅಂದಿದ್ದಾರೆ ಎಂದು ಸುಳ್ಳು ಹೇಳಿದೆ. ಎರಡು ಮನೆಯಲ್ಲಿ ಗಂಜಿ ಮಾಡಿಸಿದರು, ಮೂರನೇ ಮನೆಯ ಅಜ್ಜಿ ಕಷಾಯ ಕುದಿಸುವ ತನಕ ನನ್ನನ್ನು ಏಳಲೂ ಬಿಡಲಿಲ್ಲ. ಅವತ್ತು ಐದು ಗಂಟೆಯಾಯಿತು.

ಮೂರನೇ ಉಪಾಯ ನಾದಿನಿಯದು. "ಅತ್ತಿಗೆ, ಕಟ್ಟಿ ಕೊಡಿ ಅನ್ನೋಣ. ದಾರೀಲಿ ತಿಂತೀವಿ." ಏಳು ಮನೆಯವರೂ ಸಂತೋಷದಿಂದ ಡಬ್ಬಿ ಕಟ್ಟಿದರು. ಮಧ್ಯಾಹ್ನ ಒಂದಕ್ಕೇ ಕೆಲಸ ಮುಗಿಯಿತು! ಗೆದ್ದೆವು ಎಂದುಕೊಂಡು ಮನೆಗೆ ಬಂದು ಏಳು ಡಬ್ಬಿ ತೊಳೆದು ಮಗುಚಿದ ಮೇಲೆ ತಲೆಗೆ ಹೊಳೆಯಿತು: ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಮರುದಿನ ನಸುಕಿಗೆ ಎದ್ದು ಏಳು ಡಬ್ಬಿಗೆ ಆಗುವಷ್ಟು ಕೊಟ್ಟೆ ಕಡುಬು ಬೇಯಿಸಿದೆ. ಅವರು ಅದನ್ನು ಇಳಿಸಿಕೊಂಡು ಮತ್ತೆ ತುಂಬಿಸಿದರು. ನಾನು ಮತ್ತೆ. ನಾಲ್ಕನೇ ದಿನ ನನ್ನ ಗಂಡ, "ನೀನು ನಡೆಸ್ತಿರೋದು ಕಂಪನಿಯಾ, ಹೋಟ್ಲಾ?" ಎಂದು ಕೇಳಿದಾಗ ನಾನು ನಾಲ್ಕನೇ ಡಬ್ಬಿಗೆ ಕಡುಬು ತುಂಬುತ್ತಿದ್ದೆ. ಹೊರಡುವುದೇ ಒಂಬತ್ತಾಯಿತು. ಮತ್ತೆ ನಾಲ್ಕು ಗಂಟೆ.

ಅದೇ ಸಂಜೆ ಏಳನೇ ಮನೆಯ ಅಣ್ಣ ಫೋನ್ ಮಾಡಿದರು. "ನಾಳೆ ಆರು ಮೂಟೆ ಇಟ್ಟಿರ್ತೀನಿ. ಮಧ್ಯಾಹ್ನದೊಳಗೆ ಆಯ್ತೋ ಸರಿ. ಇಲ್ಲಾಂದ್ರೆ ನಾನೇ ಅಂಗಳಕ್ಕೆ ಹರವ್ತೀನಿ. ಆಮೇಲೆ ಬರೋದ್ ಬೇಡ."

ಮರುದಿನ ಬೆಳಿಗ್ಗೆ ಆರಕ್ಕೆ ಇನ್ನೊಂದು ಫೋನ್. ಸಾಹುಕಾರರು.

"ರೈಟ್ರಮ್ಮ, ಹೊಸ ಮಿಷನ್ದು ಶಾಫ್ಟ್ ಕಟ್ಟಾಗಿದೆ. ತೊಂಬತ್ತು ಮೂಟೆ ಹಣ್ಣು ಕೂತಿದೆ. ಗಾಡಿ ಕಳ್ಸು."

"ಇವತ್ತಾ?"

"ಅಲ್ಲ, ಯುಗಾದಿಗೆ. ಇವತ್ತೇ ಮಾರಾಯ್ತಿ! ಮಾತು ನೆನಪಿದ್ಯಲ್ಲ?"

ಒಲೆಯ ಮೇಲೆ ಕಡುಬಿನ ಪಾತ್ರೆ, ಕಿವಿಯಲ್ಲಿ ಸಾಹುಕಾರರು. ತೊಂಬತ್ತು ಮೂಟೆಗೆ ಆರು ಗಂಟೆ ಬೇಕು. ಮಾತು ಉಳಿಸಿಕೊಂಡರೆ ಏಳು ಮನೆಯ ಹಣ್ಣು ಹುಳಿ. ಏಳು ಮನೆಗೆ ಹೋದರೆ ಮಾತು ತಪ್ಪಿದವಳು. ಮತ್ತು ಮಿಷನ್ ಮಾರಿದವರೊಡನೆ ಆ ರಸ್ತೆಯಲ್ಲಿ ಕೆಟ್ಟುಕೊಂಡು ಬದುಕುವುದು ಕಷ್ಟ. ಸುಳ್ಳು ಹೇಳೋಣ, ಗಾಡಿ ಪಂಚರ್ ಎನ್ನೋಣ ಎನಿಸಿತು. ಆದರೆ ಡಾಕ್ಟರ ಹೆಸರಿನ ಸುಳ್ಳಿಗೆ ಕುಡಿದ ಕಷಾಯ ಇನ್ನೂ ಬಾಯಲ್ಲಿತ್ತು. ಒಲೆ ಆರಿಸಿದೆ.

"ನೆನಪಿದೆ ಸಾವ್ಕಾರ್ರೆ. ಆ ಮಾತನ್ನ ಇವತ್ತು ಮುರೀತೀನಿ. ಅದನ್ನ ನಿಮ್ಗೇ ಹೇಳಿ ಮುರೀತೀನಿ."

"ಎಂತ ಅಂದೆ?"

"ನಿಮ್ ಹಣ್ಣು ಈಗ ಎಲ್ಲಿದೆ?"

"ತೊಟ್ಟೀಲಿ."

"ತುಂಬ ನೀರು ಬಿಡ್ಸಿ. ಹಣ್ಣು ಮುಳುಗಿದ್ರೆ ಸಂಜೆ ತನಕ ಎಂತದೂ ಆಗೂದಿಲ್ಲ, ನಿಮ್ಮಲ್ಲೇ ನಾನು ನೋಡಿದೀನಿ. ಆ ಏಳು ಮನೇಲಿ ತೊಟ್ಟಿ ಇಲ್ಲ, ಮೂಟೇಲಿ ಕಾವು ಹಿಡೀತಿದೆ. ಮೊದ್ಲು ಅವ್ರದ್ದು. ಆಮೇಲೆ ನಿಮ್ದು. ಎಲ್ಲ ನಿಮ್ ಕಣದಲ್ಲೇ. ಮಾತು ತಪ್ಪಿದ್ದಕ್ಕೆ ದಂಡ ನಾನೇ ಹೇಳ್ತೀನಿ: ನಿಮ್ ತೊಂಬತ್ತು ಮೂಟೆಗೆ ಕೂಲಿ ಬೇಡ."

"ಬೇರೆಯೋರ ಹಣ್ಣು ನಮ್ ಕಣಕ್ಕಾ? ನಮ್ಮಜ್ಜನ ಕಾಲದಿಂದ ಆಗಿಲ್ಲ ಅದು."

"ನಿಮ್ಮಜ್ಜನ ಕಾಲದಲ್ಲಿ ಶಾಫ್ಟ್ ಕಟ್ಟಾಗಿರ್ಲಿಲ್ಲ. ನಾನು ಮನೆ ಮನೆ ತಿರುಗಿ ಬಂದ್ರೆ ನಿಮ್ಮಲ್ಲಿ ಎಂಜಿನ್ ಹಚ್ಚೋದೇ ನಾಲ್ಕು ಗಂಟೆಗೆ. ಮುಗಿಯೋದು ಹತ್ತಕ್ಕೆ. ನೋಡಿ."

ಆ ಕಡೆಯಿಂದ ಹತ್ತಿರದಲ್ಲಿ ಯಾರೋ, ಅವರ ಮನೆಯ ಅಮ್ಮಾವರೇ ಇರಬೇಕು, "ಬರ್ಲಿ ಬಿಡಿ, ಹಣ್ಣು ಕೊಳೆಸ್ತೀರಾ?" ಅಂದದ್ದು ಕೇಳಿಸಿತು. ಸಾಹುಕಾರರು ಗಂಟಲು ಸರಿ ಮಾಡಿಕೊಂಡು, "ಬಾ" ಅಂದರು.

ಏಳು ಮನೆಗೂ ಫೋನ್ ಮಾಡಿದೆ. ಇವತ್ತು ಗಾಡಿ ಬರುವುದಿಲ್ಲ, ಹಣ್ಣನ್ನು ನೀವೇ ಎಸ್ಟೇಟಿನ ಕಣಕ್ಕೆ ತನ್ನಿ. ಎರಡೆರಡು ಮನೆಯವರು ಸೇರಿ ಜೀಪು ಹಿಡಿದರು. ಒಬ್ಬರು ಸ್ಕೂಟರಿನಲ್ಲಿ ಒಂದೊಂದೇ ಮೂಟೆ ಸಾಗಿಸಿದರು. ಅಜ್ಜಿ ಮೂಟೆಯ ಮೇಲೆ ತಾವೇ ಕೂತು ಬಂದರು, ದಾರಿಯಲ್ಲಿ ಯಾರೂ ಬದಲಾಯಿಸದಿರಲಿ ಎಂದು. ಏಳನೇ ಮನೆಯ ಅಣ್ಣ ಎಲ್ಲರಿಗಿಂತ ಮೊದಲು ಬಂದು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಕರೆದುಕೊಂಡು ಹೋಗಿ ಅವರ ಮೂಟೆಯನ್ನೇ ಮೊದಲು ಬಿಚ್ಚಿಸಿದೆ. ಏಳೂ ಮುಕ್ಕಾಲಿಗೆ ಎಂಜಿನ್ ಹಚ್ಚಿದೆವು. ಮದುವೆ ಕಾಗದ ಎರಡು ಮಡಿಕೆ.

ಎಂಟೂವರೆಗೆ ಅಮ್ಮಾವರು ಕಣಕ್ಕೆ ಬಂದರು. ಹಿಂದೆ ಇಬ್ಬರು ಹೊತ್ತ ದೊಡ್ಡ ಪಾತ್ರೆ ಉಪ್ಪಿಟ್ಟು, ಒಂದು ಬುಟ್ಟಿ ಬಾಳೆಹಣ್ಣು. ಏಳು ಮನೆಯ ಇಪ್ಪತ್ತಮೂರು ಜನ, ಜೊತೆಗೆ ನಾವಿಬ್ಬರು.

"ಅಮ್ಮಾವ್ರೆ, ಇದೆಲ್ಲ ಎಂತಕ್ಕೆ..."

"ಕಣಕ್ಕೆ ಬಂದೋರನ್ನ ಹಂಗೇ ಕಳ್ಸೋಕಾಗ್ತದಾ? ಕೂತ್ಕೊಳ್ಳಿ ಎಲ್ಲ."

ಅರ್ಧ ಜನ ತಿನ್ನುವಾಗ ಅರ್ಧ ಜನ ಮಿಷನ್‌ಗೆ ಹಣ್ಣು ಸುರಿದರು, ಆಮೇಲೆ ಅದಲುಬದಲು. ಎಂಜಿನ್ ಒಂದು ನಿಮಿಷವೂ ನಿಲ್ಲಲಿಲ್ಲ. ಹತ್ತೂ ಮುಕ್ಕಾಲಿಗೆ ಏಳೂ ಮನೆಯವರ ಕೊನೆಯ ಮೂಟೆ ಮುಗಿಯಿತು. ನಾನು ಗಡಿಯಾರವನ್ನು ಎರಡು ಸಲ ನೋಡಿದೆ. ಯಾರ ಕಣವೋ ಅವರ ತಿಂಡಿ. ಕಣ ಒಂದಾದರೆ ತಿಂಡಿಯೂ ಒಂದು. ಇಷ್ಟು ಸಣ್ಣ ವಿಷಯ ತಿಳಿಯಲು ನಾನು ಎಷ್ಟು ಕಡುಬು ಬೇಯಿಸಿದ್ದೆ!

ಏಳು ಮನೆಯವರೂ ಅಲ್ಲೇ ನಿಂತು ಕೈ ಜೋಡಿಸಿದ್ದರಿಂದ ಸಾಹುಕಾರರ ತೊಂಬತ್ತು ಮೂಟೆ ಸಂಜೆ ಐದರೊಳಗೆ ಮುಗಿಯಿತು. ಅವರು ಒಂದು ಹಿಡಿ ಬೀಜ ಎತ್ತಿ ಬೆಳಕಿಗೆ ಹಿಡಿದು ಗಾಯ ಹುಡುಕಿದರು, ಸಿಗಲಿಲ್ಲ. "ಕೂಲಿ ಬೇಡ ಅಂದಿದ್ದಲ್ಲ ರೈಟ್ರಮ್ಮ, ಅದು ಬೇಡ. ಕೂಲಿ ತಗೋ. ಸಿಪ್ಪೆ ಮಾತ್ರ ಎಲ್ಲಾರ್ದೂ ಇಲ್ಲೇ ಇರ್ಲಿ, ಗೊಬ್ಬರದ ಗುಂಡಿಗೆ."

ದೊಡ್ಡತನ ಎಂದುಕೊಂಡು ಕೈ ಮುಗಿಯಲು ಹೊರಟಿದ್ದೆ. ತಮ್ಮ ಪಾಲಿನ ಬೀಜ ಒಯ್ಯಲು ಜೀಪಿಗೆ ಕಾಯುತ್ತ ಕೂತಿದ್ದ ಅಜ್ಜಿ ಎದ್ದು ನಿಂತರು. "ನನ್ ಗಿಡದ ಸಿಪ್ಪೆ ಸಾವ್ಕಾರ್ರ ಗುಂಡಿಗಾ? ನಾನ್ ಹೊತ್ಕೊಂಡ್ ಹೋಗ್ತೀನಿ."

"ಉಪ್ಪಿಟ್ಟು ತಿಂದ್ಯಲ್ಲ ಅಜ್ಜಿ!" ಅಂದರು ಸಾಹುಕಾರರು.

"ಉಪ್ಪಿಟ್ಟಿಗೆ ಸಿಪ್ಪೆಯಾ?"

ಅಲ್ಲಿ ನನಗೆ ಬೆಲೆ ಕಂಡಿತು. ನಲವತ್ತೆರಡು ಮೂಟೆಯ ಸಿಪ್ಪೆ ಒಳ್ಳೆಯ ಗೊಬ್ಬರ. ಒಂದು ದಿನದ ತಿಂಡಿಗಿಂತ ಹೆಚ್ಚೇ. "ಹೌದಜ್ಜಿ," ಅಂದೆ. "ಇನ್ನು ದಿನಾ ಒಂದೇ ಅಂಗಳ. ಎಲ್ಲರೂ ಅಲ್ಲಿಗೇ ಹಣ್ಣು ತರ್ಬೇಕು. ಯಾರು ತಿಂಡಿ ಹಾಕ್ತಾರೋ ಅವತ್ತಿನ ಸಿಪ್ಪೆ ಪೂರಾ ಅವ್ರಿಗೆ. ಒಬ್ಬೊಬ್ರಿಗೆ ಒಂದೊಂದು ದಿನ."

ಎಲ್ಲರೂ ಒಟ್ಟಿಗೆ ಮಾತಾಡಿದರು. ನಾಳೆ ಯಾರ ಅಂಗಳ ಎನ್ನುವುದಕ್ಕೆ ಜಗಳ. ಮೊದಲ ಮನೆಯಾಕೆ ತನ್ನ ಅಕ್ಕಿ ನೆನೆಸಿಯಾಗಿದೆ ಎಂದರು, ಅಜ್ಜಿ ವಯಸ್ಸು ತೋರಿಸಿದರು, ಸಾಹುಕಾರರು ತಮ್ಮದೊಂದು ದಿನ ಬರೆದುಕೊಳ್ಳಲು ಹೇಳಿದರು, ಮಿಷನ್ ರಿಪೇರಿ ಆದರೂ ಸರಿ ಎಂದರು. ಗದ್ದಲ ಇಳಿದ ಮೇಲೆ ಏಳನೇ ಮನೆಯ ಅಣ್ಣ ನನ್ನ ಹತ್ತಿರ ಬಂದು, "ನಾಳೆ ನಮ್ಮನೇಲಿ ಇಟ್ಕೊಳ್ಳಿ ಅಕ್ಕ. ಅಂಗಳ ದೊಡ್ಡದಿದೆ. ನೀರೂ ಇದೆ," ಅಂದರು. ಚೆರ್ರಿಯ ಮಾತು ಎತ್ತಲಿಲ್ಲ. ಆ ಆರು ಮೂಟೆಯನ್ನು ಅವರು ಒಣಗಿಸಿ ಮೂಡಿಗೆರೆಗೆ ಒಯ್ದಾಗ ಅದೇ ವ್ಯಾಪಾರಿ ಮೂಸಿ, ಸೀದಾ ತಕ್ಕಡಿಗೆ ಹಾಕಿದನಂತೆ.

ಈಗ ನಮ್ಮದು ಮೂರು ಗಾಡಿ. ಮಲ್ಲಂದೂರಿನ ಕಡೆಯೂ ಒಂದು ಓಡುತ್ತದೆ. ಕಂಪನಿ ಮಾಡಬೇಕು ಎಂದು ಹೆಣ್ಣುಮಕ್ಕಳು ಕೇಳಿಕೊಂಡು ಬರುತ್ತಾರೆ, ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಕಾಗದದ ಮೇಲೆ ಹಾಕಿದ ಸಮಯವನ್ನು ಬ್ಯಾಂಕಿಗೆ ತೋರಿಸುವ ಮೊದಲು, ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಮೂರು ದಿನ ಮಿಷನ್ ಇಲ್ಲದೆ ನಡೆದು ಬನ್ನಿ. ಜನ ನಿಮ್ಮನ್ನು ಎಲ್ಲಿ, ಎಷ್ಟು ಹೊತ್ತು ನಿಲ್ಲಿಸುತ್ತಾರೆ ನೋಡಿ. ಜನರ ಅಭ್ಯಾಸವನ್ನು ಬಿಡಿಸಲು ದುಡ್ಡು ಹಾಕಬೇಡಿ, ಅದರ ಪಕ್ಕದಲ್ಲಿ ಕೆಲಸ ಜೋಡಿಸಿ. ಕೊಟ್ಟ ಮಾತು ಮುರಿಯಲೇಬೇಕಾಗಿ ಬಂದರೆ ಬೆಳಿಗ್ಗೆಯೇ ಫೋನ್ ಮಾಡಿ, ನಿಮ್ಮ ಬಾಯಿಂದಲೇ ಹೇಳಿ, ದಂಡವನ್ನೂ ನೀವೇ ಹೇಳಿ. ಅವರು ಹೇಳುವ ದಂಡ ಯಾವಾಗಲೂ ದೊಡ್ಡದು. ಮತ್ತೆ, ದುಡ್ಡಿರುವ ಮನುಷ್ಯ ನಿಮಗೆ ಕೂಲಿ ಕೊಟ್ಟು ಕಸ ಮಾತ್ರ ಇಲ್ಲಿರಲಿ ಎಂದರೆ, ಥ್ಯಾಂಕ್ಸ್ ಹೇಳುವ ಮೊದಲು ಅಲ್ಲಿರುವ ಯಾವುದಾದರೂ ಅಜ್ಜಿಯ ಮುಖ ಒಮ್ಮೆ ನೋಡಿ.